ಪಕ್ಕದ ಹೊಲಕ್ಕೆ ಹಾರಿದ ಸಮಸ್ಯೆ

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಎರಡು ಥರದ ಮೆಸೇಜ್ ಬರುತ್ತವೆ. ಆಫೀಸಿನ ಗೆಳೆಯರದ್ದು: 'ನಿಮ್ಮೂರಿಗೆ ಹಕ್ಕಿ ಬಂದ್ವಾ? ಫೋಟೊ ತೆಗೆಯೋಕೆ ಬರ್ತೀವಿ.' ಅಪ್ಪನದ್ದು: 'ಹಕ್ಕಿ ಬಂದಾವ. ರಾತ್ರಿ ಕಡ್ಲಿ ಕಾಯಾಕ ಹೋಗಬೇಕು.'

ನಮ್ಮ ಹೊಲ ಇರೋದು ಮಾಗಡಿ ಕೆರೆ ಹತ್ತಿರ. ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. 2024ರಲ್ಲಿ ನಮ್ಮ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಹೆಮ್ಮೆಯೇ, ಇಲ್ಲ ಅನ್ನಲ್ಲ. ಆದರೆ ಈ ಅತಿಥಿಗಳು ಹಗಲು ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಊಟಕ್ಕೆ ಹೊಲಕ್ಕಿಳಿಯುತ್ತವೆ. ಒಂದೊಂದೂ ಎರಡು-ಮೂರು ಕೆಜಿ ತೂಗುವ ಹಕ್ಕಿ. ಒಂದು ಹಿಂಡು ಇಳಿದರೆ ಎಳೆ ಕಡಲೆಯ ಗತಿ ಏನಾಗಬಹುದು, ನೀವೇ ಊಹಿಸಿ.

ಹೋದ ವರ್ಷ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಮೋಷನ್ ಸೆನ್ಸರ್ ಇರುವ ನಾಲ್ಕು ಸೋಲಾರ್ ಲೈಟ್ ತರಿಸಿದೆ, ರಜೆ ಹಾಕಿ ಊರಿಗೆ ಹೋಗಿ ಬದುವಿನ ಮೇಲೆ ನೆಟ್ಟೆ. ಮೊದಲ ಮೂರು ರಾತ್ರಿ ಒಂದು ಹಕ್ಕಿಯೂ ಇಳಿಯಲಿಲ್ಲ. ಅಪ್ಪನ ಮುಂದೆ ಸ್ವಲ್ಪ ಸೀನ್ ಕೂಡ ಹಾಕಿದೆ.

ನಾಲ್ಕನೇ ಬೆಳಿಗ್ಗೆ ಪಕ್ಕದ ಹೊಲದ ಕಾಕಾ ಬಂದು ಕಟ್ಟೆ ಮೇಲೆ ಕೂತರು. 'ಛಲೋ ಮಾಡಿದಿ ತಮ್ಮಾ. ನಿಮ್ಮ ಹಕ್ಕಿ ಎಲ್ಲಾ ನಮ್ಮ ಹೊಲಕ್ಕ ಕಳಿಸಿದಿ.'

ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಸಮಸ್ಯೆ ಸಾಲ್ವ್ ಆಗಿರಲಿಲ್ಲ, ಪಕ್ಕದ ಸರ್ವರ್‌ಗೆ ರೀಡೈರೆಕ್ಟ್ ಆಗಿತ್ತು ಅಷ್ಟೇ. ವಾರ ಕಳೆಯುವಷ್ಟರಲ್ಲಿ ಬೆಳಕಿಗೂ ಹೊಂದಿಕೊಂಡು, ಲೈಟಿನ ಬುಡದಲ್ಲೇ ಮೇಯತೊಡಗಿದವು!

ಆಮೇಲೆ ಓದಿ ತಿಳಿದದ್ದು: ಒಂದೇ ಕಡೆ ಒಂದೇ ಥರ ಹೆದರಿಸಿದರೆ ಹೆಬ್ಬಾತು ಬೇಗ ಕಲಿತುಬಿಡುತ್ತದೆ. ಮತ್ತೆ ಮತ್ತೆ ಎಬ್ಬಿಸಿದರೆ ಹಾರಾಟಕ್ಕೆ ಖರ್ಚಾದ ಶಕ್ತಿ ತುಂಬಿಕೊಳ್ಳಲು ಇನ್ನೂ ಹೆಚ್ಚು ತಿನ್ನುತ್ತದೆ. ಹಾಗಾಗಿ ಓಡಿಸುವುದರ ಜೊತೆಗೆ, ನೆಮ್ಮದಿಯಾಗಿ ಮೇಯಲು ಒಂದು ಜಾಗವೂ ಬೇಕು.

ಅಪ್ಪನಿಗೆ ಹೇಳಿದರೆ ನಕ್ಕರು. 'ಇದಕ್ಕ ಓದಬೇಕೇನಪಾ? ಶೇಂಗಾ ಕಿತ್ತ ಹೊಲ ಐತಲ್ಲ.'

ಅಪ್ಪ, ಕಾಕಾ ಕೂತು ಮಾತಾಡಿದರು. ಕೆರೆ ಕಡೆಯ ಶೇಂಗಾ ಹೊಲವನ್ನು ತಕ್ಷಣ ಉಳುಮೆ ಮಾಡದೆ ಬಿಟ್ಟರು. ಮಣ್ಣಲ್ಲಿ ಉಳಿದ ಕಾಯಿ ಹಕ್ಕಿಗೆ. ಅಲ್ಲಿ ಯಾರೂ ಗದ್ದಲ ಮಾಡುವಂತಿಲ್ಲ. ಕಡಲೆಯನ್ನು ಎರಡೂ ಮನೆಯವರು ಪಾಳಿ ಮೇಲೆ ಕಾಯುವುದು. ನನ್ನ ಲೈಟುಗಳಿಗೂ ಕೆಲಸ ಸಿಕ್ಕಿತು, ಎರಡು ದಿನಕ್ಕೊಮ್ಮೆ ಜಾಗ ಬದಲಾಯಿಸಬೇಕು. ನಷ್ಟ ಪೂರ್ತಿ ನಿಲ್ಲಲಿಲ್ಲ. ಆದರೆ ಕಡಿಮೆಯಾಯಿತು, ಕಾಕಾ ಮತ್ತೆ ಚಹಾಕ್ಕೆ ಬರತೊಡಗಿದರು.

ಆದರೂ ಒಂದು ಲೆಕ್ಕ ಬಾಕಿ ಇದೆ. ಹಾಗೆ ಬಿಟ್ಟ ಹೊಲದಲ್ಲಿ ಆ ಹಿಂಗಾರಿಗೆ ಅಪ್ಪ ಏನೂ ಬಿತ್ತಲಿಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಹೆಬ್ಬಾತುಗಳಿಗೆ ಮೇಯಲು ಬಿಡುವ ರೈತರಿಗೆ ಸರ್ಕಾರ ಹಣ ಕೊಡುತ್ತದೆ. ಹಕ್ಕಿ ಎಲ್ಲರದ್ದು ಅಂದಮೇಲೆ ಅದರ ಊಟದ ಬಿಲ್ ಒಬ್ಬ ರೈತನ ತಲೆಗೇ ಯಾಕೆ?

ಈ ಸಲ ಫೋಟೊಗೆ ಬರುವ ಗೆಳೆಯರಿಗೆ ಹೇಳಿಬಿಟ್ಟಿದ್ದೇನೆ: ಬನ್ನಿ, ಆದರೆ ಒಂದು ರಾತ್ರಿ ಅಪ್ಪನ ಜೊತೆ ಹೊಲ ಕಾಯಬೇಕು.