ಚರ್ಮದ ಆಸನಗಳ ಆರೈಕೆ

ಒಂದು ತಲೆಮಾರಿನ ಹಿಂದೆ ನಮ್ಮ ಮನೆಗಳ ಪಡಸಾಲೆಯೆಂದರೆ ಎರಡು ಕಟ್ಟಿಗೆಯ ಕುರ್ಚಿ, ಒಂದು ಮಂಚ, ಬಂದವರಿಗೆ ಹಾಸಲೊಂದು ಜಮಖಾನೆ, ಇಷ್ಟೇ ಆಗಿತ್ತು. ಇಂದು ಪಟ್ಟಣಗಳಲ್ಲಿ ನೆಲೆಸಿರುವ ಅನೇಕ ಶರಣ ಕುಟುಂಬಗಳ ಮನೆಗೆ ಚರ್ಮದ ಸೋಫಾ ಬಂದಿದೆ. ಹೊರನಾಡಿನಲ್ಲಿ ದುಡಿಯುವ ಮಗನೋ ಮಗಳೋ ತಂದೆತಾಯಿಗಳಿಗೆ ಪ್ರೀತಿಯಿಂದ ಕೊಡಿಸಿದ್ದಾಗಿರಬಹುದು. ಗೃಹಪ್ರವೇಶದ ಹೊತ್ತಿಗೆ ಕಂತಿನ ಮೇಲೆ ಕೊಂಡದ್ದೂ ಆಗಿರಬಹುದು. ಬೆಲೆಬಾಳುವ ವಸ್ತು ಮನೆಗೆ ಬಂದೊಡನೆ ಅದನ್ನು ಥಳಥಳಿಸುವಂತೆ ಇಡಬೇಕೆಂಬ ಉತ್ಸಾಹ ಗೃಹಿಣಿಯರಲ್ಲಿ ಸಹಜವೇ. ಆದರೆ ಚರ್ಮದ ಆಸನಗಳು ಕೊಳೆಯಿಂದ ಕೆಡುವುದಕ್ಕಿಂತ ತೊಳೆಯುವ ಉತ್ಸಾಹದಿಂದ ಕೆಡುವುದೇ ಹೆಚ್ಚು.

ವಿಷಯಕ್ಕೆ ಬರುವ ಮುನ್ನ ಒಂದು ಮಾತು. ಚರ್ಮದ ಸೋಫಾದ ಮೇಲೆ ಕುಳಿತು ಇಷ್ಟಲಿಂಗ ಪೂಜೆಗೆ ಏಳಬಹುದೇ, ಅದು ಮೈಲಿಗೆಯಲ್ಲವೇ ಎಂದು ಸಂಕೋಚಪಡುವ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಮಾದಾರ ಚೆನ್ನಯ್ಯನವರನ್ನೂ, ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರನ್ನೂ ಬಸವಣ್ಣನವರು ತಮ್ಮ ಹಿರಿಯರೆಂದು ಭಾವಿಸಿದರು. ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು ನಾವು. ಈ ಪರಂಪರೆಗೆ ಸೇರಿದವರ ಬಾಯಲ್ಲಿ ಚರ್ಮಕ್ಕೆ ಮೈಲಿಗೆಯ ಮಾತು ಶೋಭಿಸದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇನ್ನು ಪ್ರಾಣಿದಯೆಯ ಕಾರಣದಿಂದ ಚರ್ಮವನ್ನೇ ಕೊಳ್ಳುವುದಿಲ್ಲವೆನ್ನುವವರ ನಿಲುವು ಬೇರೆ, ಅದು ಗೌರವಾರ್ಹವಾದುದು. ಅಂಥವರು ರೆಕ್ಸಿನ್ ಅಥವಾ ಬಟ್ಟೆಯ ಸೋಫಾ ಕೊಳ್ಳಲಿ.

ಮೊದಲು ಮನೆಯಲ್ಲಿರುವುದು ನಿಜವಾದ ಚರ್ಮವೇ ಎಂದು ಅರಿಯಬೇಕು. ಅಂಗಡಿಯವರು ‘ಲೆದರ್’ ಎಂದು ಮಾರುವುದೆಲ್ಲ ಚರ್ಮವಲ್ಲ. ದಿಂಬಿನ ಹೊದಿಕೆಯ ಜಿಪ್ಪನ್ನು ತೆರೆದು ಒಳಮೈಯನ್ನು ನೋಡಿದರೆ ತಿಳಿಯುತ್ತದೆ: ನಿಜವಾದ ಚರ್ಮದ ಹಿಂಬದಿ ಮೃದುವಾದ ಜುಂಗು ಜುಂಗಾಗಿರುತ್ತದೆ, ರೆಕ್ಸಿನ್‌ನಂಥ ಕೃತಕ ಚರ್ಮದ ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಾಣುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ. ಚರ್ಮದ ಚೂರುಗಳನ್ನು ಅರೆದು, ಅಂಟಿನೊಡನೆ ಹಾಳೆ ಮಾಡಿ, ಮೇಲೆ ಪಾಲಿಯುರೆಥೇನ್ ಲೇಪಿಸಿದ ಸರಕು ಅದು. ‘ಬಾಂಡೆಡ್ ಲೆದರ್’ ಎಂಬ ಹೆಸರಿನಿಂದ ಗ್ರಾಹಕರು ಮೋಸಹೋಗುವುದು ಇಲ್ಲಿಯೇ. ನಮ್ಮ ಮಳೆಗಾಲದ ತೇವಾಂಶಕ್ಕೆ ಆ ಲೇಪನ ಕೆಲವೇ ವರ್ಷಗಳಲ್ಲಿ ಪದರು ಪದರಾಗಿ ಏಳತೊಡಗುತ್ತದೆ. ಹಾಗೆ ಎದ್ದ ಮೇಲೆ ಯಾವ ಎಣ್ಣೆಯೂ ಯಾವ ಮುಲಾಮೂ ಅದನ್ನು ಕೂಡಿಸಲಾರದು. ಕೊಳ್ಳುವಾಗಲೇ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಜಾಣತನ.

ನಿಜವಾದ ಚರ್ಮದಲ್ಲಿಯೂ ಭೇದಗಳಿವೆ. ಯಾರಿಗೂ ಕಾಣದ ಹಿಂಬದಿಯಲ್ಲಿ ಒಂದು ಹನಿ ನೀರು ಹಾಕಿ ನೋಡಿರಿ. ಹನಿ ಮೇಲೆಯೇ ಮುತ್ತಿನಂತೆ ನಿಂತರೆ ಅದು ಬಣ್ಣದ ರಕ್ಷಾಲೇಪವಿರುವ ಚರ್ಮ. ಸೋಫಾಗಳಲ್ಲಿ ಬಹುಪಾಲು ಇದೇ. ಹನಿ ಇಂಗಿ ಆ ಜಾಗ ಕಪ್ಪಾದರೆ ಅದು ಲೇಪವಿಲ್ಲದ ಅನಿಲೀನ್ ಚರ್ಮ. ಮುಟ್ಟಿದರೆ ಮಖಮಲ್ಲಿನಂತಿರುವುದು ನುಬಕ್ ಅಥವಾ ಸ್ವೇಡ್. ಈ ಕೊನೆಯ ಎರಡು ಬಗೆಗಳಿಗೆ ಒಣ ಕುಂಚವೇ ಸಾಕು, ಕಲೆ ಬಿದ್ದರೆ ಪರಿಣತರನ್ನೇ ಕರೆಯಬೇಕು. ಮುಂದೆ ಹೇಳುವ ಮಾತುಗಳು ಲೇಪವಿರುವ ಚರ್ಮಕ್ಕೆ ಸಂಬಂಧಿಸಿದವು.

ಹದಗೊಂಡ ಚರ್ಮದ ಗುಣ ತುಸು ಆಮ್ಲೀಯವಾದುದು. ನಾವು ಮೈಗೆ ಬಳಸುವ ಸೋಪು, ಬಟ್ಟೆಯ ಪುಡಿ, ಅಡಿಗೆಯ ಸೋಡಾ ಇವೆಲ್ಲ ಕ್ಷಾರಗಳು. ಕ್ಷಾರವು ಚರ್ಮದೊಳಗಿನ ಜಿಡ್ಡನ್ನು ಹೊರಗೆಳೆದು, ನಾರುಗಳನ್ನು ಒಣಗಿಸಿ, ಕ್ರಮೇಣ ಬಿರುಕು ಬಿಡಿಸುತ್ತದೆ. ಮೊದಲ ದಿನ ಸೋಫಾ ಹೊಳೆಯುವುದು ನಿಜ. ಹಾನಿ ಕಾಣುವುದು ವರ್ಷದ ನಂತರ. ಹಾಗೆಂದು ನಿಂಬೆರಸ, ವಿನೆಗರ್‌ಗಳ ಮೊರೆಹೋಗುವುದೂ ಸಲ್ಲದು, ಅವುಗಳ ಆಮ್ಲ ಅತಿಯಾಯಿತು. ಅಂಟುವಾಳ ರೇಷ್ಮೆ ಸೀರೆಗೆ ಅಮೃತವಿದ್ದಂತೆ, ಆದರೆ ಅದರ ಕಂದು ರಸ ತಿಳಿಬಣ್ಣದ ಸೋಫಾದ ಮೇಲೆ ತಾನೇ ಕಲೆಯಾಗಿ ನಿಲ್ಲುತ್ತದೆ. ಮಕ್ಕಳ ಮೈ ಒರೆಸುವ ಒದ್ದೆ ಕಾಗದ, ಗಾಜು ಒರೆಸುವ ದ್ರವ, ಕಟ್ಟಿಗೆಯ ಪಾಲಿಶ್, ಬೂಟಿನ ಪಾಲಿಶ್ ಇವೂ ಬೇಡ. ಬೂಟಿನ ಪಾಲಿಶ್ ಹಚ್ಚಿದ ಸೋಫಾದಿಂದ ಬಿಳಿ ಪಂಚೆಯುಟ್ಟ ಅತಿಥಿ ಎದ್ದು ಹೋಗುವ ದೃಶ್ಯವನ್ನು ಓದುಗರೇ ಊಹಿಸಿಕೊಳ್ಳಲಿ! ಕುದುರೆಯ ಜೀನಿಗಾಗಿ ತಯಾರಾದ ‘ಸ್ಯಾಡಲ್ ಸೋಪ್’ ಕೂಡ ಜೀನಿಗೇ ಸರಿ. ಕೊಳ್ಳುವುದಾದರೆ ಆಸನದ ಚರ್ಮಕ್ಕೆಂದೇ ನಮೂದಿಸಿದ, ಕ್ಷಾರವಿಲ್ಲದ, ನೀರನ್ನೇ ಮೂಲವಾಗುಳ್ಳ ಶುದ್ಧಿದ್ರವವನ್ನು ಕೊಳ್ಳಬೇಕು.

ವಾರಕ್ಕೊಮ್ಮೆ ಮೃದುವಾದ ಒಣಬಟ್ಟೆಯಿಂದ ಧೂಳು ತೆಗೆದರೆ ಅರ್ಧ ಕೆಲಸ ಮುಗಿದಂತೆ. ಮಡಿಕೆಗಳಲ್ಲಿ ಕುಳಿತ ಮರಳು ಧೂಳೇ ಚರ್ಮವನ್ನು ಉಜ್ಜುಕಾಗದದಂತೆ ಸವೆಸುವುದು. ಎರಡು ಮೂರು ತಿಂಗಳಿಗೊಮ್ಮೆ ಶುದ್ಧಿದ್ರವವನ್ನು ಸ್ಪಂಜಿನ ಮೇಲೆ ಹಾಕಿ ಹಿಂಡಿ ನೊರೆ ಬರಿಸಿ, ಆ ನೊರೆಯನ್ನಷ್ಟೇ ಸವರಬೇಕು. ಸೋಫಾದ ಮೇಲೆ ನೇರವಾಗಿ ಸುರಿಯಬಾರದು. ಹೊಲಿಗೆಯ ಮೂಲಕ ಒಳಗಿಳಿದ ನೀರು ಒಳಗಿನ ಸ್ಪಂಜಿನಲ್ಲಿಯೇ ನಿಂತು ವಾಸನೆ ಹಿಡಿಯುತ್ತದೆ. ಒಂದೊಂದೇ ಭಾಗವನ್ನು ಸವರಿ, ತೇವದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಬೇಕು. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಒಣಗಿದಾಗ ಬಿಳಿಯ ಗೆರೆ ಉಳಿಸುತ್ತದೆ, ಆದ್ದರಿಂದ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸುವುದು ಲೇಸು. ಮನೆಗೆಲಸಕ್ಕೆ ಬರುವ ಸೋದರಿಗೆ ಈ ಕ್ರಮವನ್ನು ಒಮ್ಮೆ ಕೈಹಿಡಿದು ತೋರಿಸಿಕೊಡಬೇಕು. ಪಾತ್ರೆಯ ಪುಡಿಯನ್ನು ಅವಳ ಕೈಗೆ ಕೊಟ್ಟು ಆಮೇಲೆ ಗದರಿಸುವುದು ನ್ಯಾಯವಲ್ಲ.

ಇನ್ನು ಎಣ್ಣೆಯ ವಿಚಾರ. ‘ಚಪ್ಪಲಿಗೆ ಎಣ್ಣೆ ಹಚ್ಚಿದರೆ ಬಾಳಿಕೆ ಬರುತ್ತದೆ, ಸೋಫಾಕ್ಕೇಕೆ ಹಚ್ಚಬಾರದು?’ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಅಥಣಿ, ನಿಪ್ಪಾಣಿಗಳ ಕಡೆ ಕೈಯಿಂದ ಮಾಡುವ ಚಪ್ಪಲಿಗೆ ಸೊಪ್ಪು-ತೊಗಟೆಗಳಿಂದ ಹದಮಾಡಿದ ದಪ್ಪ ತೊಗಲನ್ನು ಬಳಸುತ್ತಾರೆ. ತಂಗಡಿಯ ತೊಗಟೆ, ಅಳಲೆಕಾಯಿಗಳು ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಹಿಂದಿನಿಂದಲೂ ಬಂದಿರುವ ವಸ್ತುಗಳು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲು ಸಿಕ್ಕಿತು. ಹರಳಯ್ಯನವರ ಕಾಯಕ ಇನ್ನೂ ಜೀವಂತವಾಗಿರುವ ನಾಡು ಅದು. ಆ ತೊಗಲಿಗೆ ಮೇಲ್ಲೇಪವಿರುವುದಿಲ್ಲ, ಎಣ್ಣೆಯನ್ನು ಅದು ಕುಡಿಯುತ್ತದೆ, ಮೆತ್ತಗಾಗುತ್ತದೆ. ಸೋಫಾದ ಚರ್ಮ ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದಗೊಂಡದ್ದು; 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಹಕ್ಕುಪತ್ರ ಪಡೆದ ಪದ್ಧತಿಯಿಂದ ಬೆಳೆದು ಬಂದದ್ದು. ಅದರ ಮೇಲೆ ಬಣ್ಣದ ಲೇಪವೂ ಇದೆ. ಕೊಬ್ಬರಿ ಎಣ್ಣೆಯಾಗಲಿ ಸಾಸಿವೆ ಎಣ್ಣೆಯಾಗಲಿ ಅದರ ಮೇಲೆಯೇ ನಿಂತು, ಧೂಳು ಹಿಡಿದು, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಒಣಹವೆಯ ಕಲಬುರಗಿ, ರಾಯಚೂರುಗಳಲ್ಲಿ ಆರು ತಿಂಗಳಿಗೊಮ್ಮೆ ಚರ್ಮಕ್ಕೆಂದೇ ಮಾಡಿದ ಕಂಡೀಷನರನ್ನು ಬಟ್ಟೆಯ ಮೇಲೆ ತುಸು ತೆಗೆದುಕೊಂಡು ಸವರಿ, ಉಳಿದುದನ್ನು ಒರೆಸಿ ತೆಗೆದರೆ ಸಾಕು.

ನಮ್ಮ ಮನೆಗಳಿಗೇ ವಿಶೇಷವಾದ ಕಲೆಗಳೂ ಇವೆ. ಮೊದಲನೆಯದು ವಿಭೂತಿ. ಹಣೆಯಿಂದಲೂ ತೋಳಿನಿಂದಲೂ ಉದುರಿದ ವಿಭೂತಿಯನ್ನು ಕಂಡೊಡನೆ ಒದ್ದೆ ಬಟ್ಟೆ ಹಿಡಿಯುತ್ತೇವೆ. ಅದು ತಪ್ಪು ಕ್ರಮ. ಬೂದಿ ಕ್ಷಾರ ಗುಣದ್ದು, ನೀರು ಸೇರಿದರೆ ಕೆಸರಾಗಿ ಚರ್ಮದ ಸೂಕ್ಷ್ಮ ರಂಧ್ರಗಳನ್ನು ಹೊಗುತ್ತದೆ. ಒಣ ಕುಂಚದಿಂದ ಮೆಲ್ಲನೆ ಗುಡಿಸಿ, ಆಮೇಲೆ ಒರೆಸಬೇಕು. ಎರಡನೆಯದು ತಲೆಯೆಣ್ಣೆ. ತಲೆ ಒರಗುವ ಜಾಗ ಕಪ್ಪಾಗುವುದು ಇದರಿಂದಲೇ. ಹೊಸ ಕಲೆಯಾದರೆ ಅದರ ಮೇಲೆ ಮೆಕ್ಕೆಜೋಳದ ಹಿಟ್ಟು ಇಲ್ಲವೇ ಟಾಲ್ಕಂ ಪುಡಿ ಉದುರಿಸಿ ರಾತ್ರಿಯೆಲ್ಲ ಬಿಟ್ಟರೆ ಜಿಡ್ಡನ್ನು ಎಳೆದುಕೊಳ್ಳುತ್ತದೆ. ಹಳೆಯದು ಪೂರ್ತಿ ಹೋಗದು. ತೊಳೆಯಬಲ್ಲ ಒಂದು ಹತ್ತಿಯ ವಸ್ತ್ರವನ್ನು ಒರಗುವ ಜಾಗಕ್ಕೆ ಹಾಸುವುದೇ ಉತ್ತಮ ಉಪಾಯ. ಚಹಾ, ಪಾಯಸ ಚೆಲ್ಲಿದರೆ ಉಜ್ಜದೆ ಒತ್ತಿ ಹೀರಿಸಬೇಕು. ಮಕ್ಕಳ ಪೆನ್ನಿನ ಶಾಯಿಯನ್ನು ತೆಗೆಯಲು ಉಗುರುಬಣ್ಣ ಅಳಿಸುವ ದ್ರವ ಹಚ್ಚುವವರಿದ್ದಾರೆ. ಅದರಲ್ಲಿಯ ಅಸಿಟೋನ್ ಶಾಯಿಯೊಡನೆ ಸೋಫಾದ ಬಣ್ಣವನ್ನೂ ಕರಗಿಸಿಬಿಡುತ್ತದೆ. ಗೆರೆಯೊಂದು ಉಳಿದರೂ ಚಿಂತೆಯಿಲ್ಲ, ಬೋಳು ಕಲೆ ಬೇಡ.

ಮಲೆನಾಡು, ಕರಾವಳಿಗಳ ಓದುಗರಿಗೆ ಮಳೆಗಾಲದ ಬೂಷ್ಟೇ ದೊಡ್ಡ ಪೀಡೆ. ಸೋಫಾವನ್ನು ಗೋಡೆಯಿಂದ ಅರ್ಧ ಅಡಿ ದೂರವಿರಿಸಿ ಗಾಳಿಯಾಡಲು ಬಿಡಬೇಕು; ಊರಿಗೆ ಹೋಗುವಾಗ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚದೆ ಹಳೆಯ ಹತ್ತಿ ಸೀರೆ ಹೊದಿಸಬೇಕು. ಬೂಷ್ಟು ಬಂದೇಬಿಟ್ಟರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸಾಧ್ಯವಾದರೆ ಜಗುಲಿಗೆ ಸಾಗಿಸಿ, ಮೃದು ಕುಂಚದಿಂದ ಉದುರಿಸಿರಿ. ಬಳಿಕ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ಗೆ ಸಮಪ್ರಮಾಣದ ನೀರು ಬೆರೆಸಿ, ಮೊದಲು ಹಿಂಬದಿಯಲ್ಲಿ ಪರೀಕ್ಷಿಸಿ, ಬಣ್ಣ ಬಿಡದಿದ್ದರೆ ಆ ದ್ರವದಲ್ಲಿ ತುಸುವೇ ತೋಯ್ದ ಬಟ್ಟೆಯಿಂದ ಒರೆಸಿರಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವಂಥದು, ಆ ಹೊತ್ತಿನಲ್ಲಿ ದೀಪ, ಊದುಬತ್ತಿ, ಒಲೆ ಹತ್ತಿರವಿರಬಾರದು. ಒಣಗಿಸುವುದು ಬಿಸಿಲಿನಲ್ಲಲ್ಲ, ಫ್ಯಾನಿನ ಗಾಳಿಯಲ್ಲಿ.