ರೆಕಾರ್ಡ್ ಪ್ಲೇಯರ್‌ಗೆ ಮೊದಲು ವೈರ್, ಆಮೇಲೆ ವೈರ್‌ಲೆಸ್

ಹಳೆಯ ಗ್ರಾಮಫೋನ್ ರೆಕಾರ್ಡ್‌ಗಳಿಗೆ ಮತ್ತೆ ಬೇಡಿಕೆ ಬಂದಿದೆ. ಅವುಗಳ ಹಿಂದೆಯೇ ಬ್ಲೂಟೂತ್ ಇರುವ ಹೊಸ ಟರ್ನ್‌ಟೇಬಲ್‌ಗಳು, ವೈರ್‌ಲೆಸ್ ಸ್ಪೀಕರ್ ಸೆಟ್‌ಗಳು ಮಾರಾಟಕ್ಕೆ ಬಂದಿವೆ. ಇವನ್ನು ನೋಡಿ ನಮ್ಮಲ್ಲಿ ಕೆಲವರು, ಸಜ್ಜೆಯ ಮೇಲಿರುವ ದಾದಾ ಕಾಲದ ಪ್ಲೇಯರನ್ನು ಗುಜರಿಗೆ ಹಾಕಿ ಹೊಸ ಸೆಟ್ ತರೋಣ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹಳೆಯ ಪ್ಲೇಯರ್ ಇನ್ನೂ ತಿರುಗುತ್ತಿದ್ದರೆ ಮೊದಲು ಅದಕ್ಕೆ ವೈರ್ ಇರುವ ಹೆಡ್‌ಫೋನ್ ಜೋಡಿಸಿ ಕೇಳಬೇಕು. ವೈರ್‌ಲೆಸ್ ಬೇಕೇ ಬೇಡವೇ ಎಂದು ಆಮೇಲೆ ತೀರ್ಮಾನಿಸಬಹುದು. ವಿಜಯನಗರ, ರಾಜಾಜಿನಗರದ ಕಡೆಯ ಸಣ್ಣ ಮನೆಗಳಿಗೆ ಇದೇ ಸರಿಯಾದ ಕ್ರಮ.

ಒಳ್ಳೆಯ ಪ್ಲೇಯರ್‌ಗಳು ಗುಜರಿಗೆ ಹೋಗಲು ಒಂದು ತಪ್ಪು ತಿಳಿವಳಿಕೆ ಕಾರಣ. ಪ್ಲೇಯರ್‌ನ ವೈರನ್ನು ನೇರವಾಗಿ ಹೆಡ್‌ಫೋನ್‌ಗೋ ಸ್ಪೀಕರ್‌ಗೋ ಸೇರಿಸುತ್ತಾರೆ. ಸೊಳ್ಳೆಯಷ್ಟು ಸಣ್ಣ ಸದ್ದು ಬರುತ್ತದೆ. ‘ಇದು ಕೆಟ್ಟಿದೆ’ ಎಂದು ತೀರ್ಮಾನವಾಗುತ್ತದೆ. ನಿಜದಲ್ಲಿ ಕೆಟ್ಟಿರುವುದಿಲ್ಲ. ಮ್ಯಾಗ್ನೆಟ್ ಇರುವ ಸಾಮಾನ್ಯ ಕಾರ್ಟ್ರಿಜ್‌ನಿಂದ ಬರುವ ಸಂಕೇತ ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಅದನ್ನು ಸುಮಾರು ನೂರು ಪಟ್ಟು ಹೆಚ್ಚಿಸಿದರೆ ಮಾತ್ರ ಆಂಪ್ಲಿಫೈಯರ್‌ಗೆ ಸಾಕಾಗುತ್ತದೆ. ಇನ್ನೊಂದು ವಿಷಯವೂ ಇದೆ. ರೆಕಾರ್ಡ್ ತಯಾರಿಸುವಾಗ ದಪ್ಪ ಸ್ವರಗಳನ್ನು ತಗ್ಗಿಸಿ, ತೆಳು ಸ್ವರಗಳನ್ನು ಏರಿಸಿ ಗೆರೆ ಕೊರೆಯುತ್ತಾರೆ. ದಪ್ಪ ಸ್ವರಗಳನ್ನು ಹಾಗೆಯೇ ಕೊರೆದರೆ ಗೆರೆಗಳು ಬಹಳ ಅಗಲವಾಗಿ, ಒಂದು ಬದಿಯಲ್ಲಿ ಹಾಡುಗಳೇ ಹಿಡಿಸುವುದಿಲ್ಲ. ಕೇಳುವಾಗ ಇದನ್ನು ತಿರುಗಿಸಿ ಸರಿಮಾಡಬೇಕು. ಈ ಲೆಕ್ಕಕ್ಕೆ 1954ರಲ್ಲಿ ಬಂದ ಆರ್‌ಐಎಎ ಎಂಬ ಅಳತೆ ಇಂದಿಗೂ ನಡೆಯುತ್ತಿದೆ. ಈ ಎರಡೂ ಕೆಲಸ ಮಾಡುವ ಸಣ್ಣ ಪೆಟ್ಟಿಗೆಗೆ ಫೋನೋ ಪ್ರಿ-ಆಂಪ್ ಎನ್ನುತ್ತಾರೆ.

ಆದ್ದರಿಂದ ಜೋಡಿಸುವ ಕ್ರಮ ಹೀಗಿದೆ: ಪ್ಲೇಯರ್‌ನಿಂದ ಪ್ರಿ-ಆಂಪ್‌ಗೆ, ಅಲ್ಲಿಂದ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ, ಅಲ್ಲಿಂದ ಕಿವಿಗೆ. ಮನೆಯಲ್ಲಿ ಹೆಡ್‌ಫೋನ್ ತೂತು ಇರುವ ಹಳೆಯ ಸ್ಟೀರಿಯೊ ಇದ್ದರೆ ಕೊನೆಯ ಆಂಪ್ಲಿಫೈಯರ್ ಬೇರೆ ಬೇಕಿಲ್ಲ. ಅದರ ಹಿಂದೆ ‘ಫೋನೋ’ ಎಂದು ಬರೆದ ಜಾಗವಿದ್ದರೆ ಪ್ರಿ-ಆಂಪ್ ಸಹ ಒಳಗೇ ಇದೆ ಎಂದರ್ಥ. ಗುಂಯ್ ಎಂಬ ಸದ್ದು ಬಂದರೆ ಪ್ಲೇಯರ್‌ನ ಅರ್ತ್ ವೈರ್ ಸೇರಿಸಿದ್ದೀರಾ ನೋಡಿ. ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದರ ಸಂಕೇತ ಜೋರಾಗಿರುವುದರಿಂದ ಅದಕ್ಕೆ ಈ ಪ್ರಿ-ಆಂಪ್ ಬೇಡ. ಯಾವ ಪ್ಲೇಯರ್ ಆದರೂ ಸವೆದ ಸೂಜಿಯನ್ನು ಮೊದಲು ಬದಲಾಯಿಸಬೇಕು. ಇಲ್ಲದಿದ್ದರೆ ಅದು ರೆಕಾರ್ಡನ್ನೇ ಕೆರೆದು ಹಾಳುಮಾಡುತ್ತದೆ.

ಇನ್ನು ವೈರ್‌ಲೆಸ್. ಇದರಲ್ಲಿ ಒಂದು ಕಳುಹಿಸುವ ಸಾಧನ, ಇನ್ನೊಂದು ಪಡೆಯುವ ಸಾಧನ ಇರಬೇಕು. ಬ್ಲೂಟೂತ್ ಹೆಡ್‌ಫೋನ್ ಪಡೆಯುವ ಸಾಧನ. ಎಷ್ಟೋ ಸ್ಪೀಕರ್, ಆಂಪ್ಲಿಫೈಯರ್‌ಗಳ ಬ್ಲೂಟೂತ್ ಕೂಡ ಪಡೆಯುವುದಕ್ಕೆ ಮಾತ್ರ. ಇಂಥ ಎರಡನ್ನು ಅಕ್ಕಪಕ್ಕ ಇಟ್ಟು ಎಷ್ಟು ಹೊತ್ತು ಒತ್ತಿದರೂ ಕೂಡುವುದಿಲ್ಲ. ‘ಬ್ಲೂಟೂತ್ ಇದೆ’ ಎಂಬ ಒಂದೇ ಮಾತಿಗೆ ದುಡ್ಡು ಕೊಡುವವರು ಇದನ್ನು ಕೇಳುವುದೇ ಇಲ್ಲ. ಹಳೆಯ ಪ್ಲೇಯರ್‌ಗೆ ಪ್ರಿ-ಆಂಪ್ ಆದ ಮೇಲೆ ಒಂದು ಬ್ಲೂಟೂತ್ ಟ್ರಾನ್ಸ್‌ಮಿಟರ್ ಸೇರಿಸಿದರೆ ಸಾಕು. ಅಂದರೆ ವೈರ್‌ಲೆಸ್ ಬೇಕೆಂದರೂ ಪ್ರಿ-ಆಂಪ್ ಬೇಕೇ ಬೇಕು. ಮೊದಲು ವೈರ್‌ಗೆ ಹಾಕಿದ ದುಡ್ಡು ಎಲ್ಲಿಯೂ ಹೋಗುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ವೈರ್‌ಲೆಸ್‌ನ ಮೇಲಿರುವ ಎಲ್ಲ ದೂರೂ ಇಲ್ಲಿ ಸರಿಯಲ್ಲ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ನಿಜ. ಸಿನಿಮಾ ನೋಡುವಾಗ ಅದು ತೊಂದರೆ. ರೆಕಾರ್ಡ್ ಕೇಳುವಾಗ ಎದುರಿಗೆ ಯಾರ ತುಟಿಯೂ ಅಲ್ಲಾಡುವುದಿಲ್ಲವಲ್ಲ! ನನ್ನ ತಕರಾರು ಲೆಕ್ಕದ್ದು. ಕಾಮರ್ಸ್‌ನಲ್ಲಿ ನಾವು ಸವಕಳಿ ಕಲಿಯುತ್ತೇವೆ. ವೈರ್‌ಲೆಸ್ ಇಯರ್‌ಬಡ್‌ನ ಬ್ಯಾಟರಿ ದಿನದಿನಕ್ಕೂ ಸವೆಯುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ, ಇಡೀ ವಸ್ತುವೇ ಇ-ತ್ಯಾಜ್ಯ. ವೈರ್ ಹೆಡ್‌ಫೋನ್‌ನ ಪಿನ್ ಮುರಿದರೆ ಹೊಸ ಪಿನ್ ಬೆಸುಗೆ ಹಾಕಿಸಬಹುದು. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್‌ಪಿ ರಸ್ತೆ ಹತ್ತಿರ. ಪಿನ್, ವೈರ್, ಪ್ರಿ-ಆಂಪ್ ಎಲ್ಲಕ್ಕೂ ಮೊದಲು ವಿಚಾರಿಸಬೇಕಾದ ಜಾಗ ಅದು.

ಸ್ಪೀಕರ್ ಬಿಟ್ಟು ಹೆಡ್‌ಫೋನೇ ಏಕೆ? ನಮ್ಮ ಬೀದಿಗಳಲ್ಲಿ ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆ. ಒಂದೇ ಕೋಣೆಯಲ್ಲಿ ತಮ್ಮ ಓದುತ್ತಾನೆ, ಅಮ್ಮಿ ನಮಾಜ್ ಮಾಡುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದ ಅಬ್ಬಾ ಮಲಗಿರುತ್ತಾರೆ. ಅಲ್ಲಿ ಸ್ಪೀಕರ್ ಹಾಕಿದರೆ ಜಗಳ, ಹಾಕದಿದ್ದರೆ ರೆಕಾರ್ಡ್‌ಗಳಿಗೆ ಧೂಳು. ಇದಲ್ಲದೆ ಸ್ಪೀಕರ್ ಮತ್ತು ಪ್ಲೇಯರನ್ನು ಒಂದೇ ಮೇಜಿನ ಮೇಲೆ ಇಟ್ಟರೆ ಸ್ಪೀಕರ್‌ನ ಕಂಪನ ಸೂಜಿಗೆ ತಲುಪಿ ಸದ್ದು ಕೆಡುತ್ತದೆ. ಹೆಡ್‌ಫೋನ್‌ಗೆ ಆ ತೊಂದರೆ ಇಲ್ಲ.

‘ಹೆಡ್‌ಫೋನ್ ಹಾಕಿಕೊಂಡರೆ ಮನೆಯವರಿಂದ ದೂರವಾಗುತ್ತೀರಿ’ ಎಂದು ಹಿರಿಯರು ಹೇಳುತ್ತಾರೆ. ಆ ಮಾತನ್ನು ತಳ್ಳಿಹಾಕಬಾರದು. ಆದರೆ ವೈರ್‌ಗೆ ಒಂದು ಸ್ಪ್ಲಿಟರ್ ಹಾಕಿದರೆ ಇಬ್ಬರು ಒಟ್ಟಿಗೆ ಕೇಳಬಹುದು. ನಾನೂ ದಾದಿಯೂ ಕವ್ವಾಲಿ ಕೇಳುವುದು ಹೀಗೆಯೇ. ಅವರು ಉರ್ದು ಪದಗಳ ಅರ್ಥ ಹೇಳಬೇಕೆಂದಾಗ ಇಬ್ಬರೂ ಒಂದು ಕಿವಿಯಿಂದ ತೆಗೆಯುತ್ತೇವೆ. ಧ್ವನಿ ಮಾತ್ರ ಮಿತಿಯಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆಯೇ ಮಿತಿ. ಸದ್ದು ಏರಿದಷ್ಟೂ ಹೊತ್ತು ಕಡಿಮೆಯಾಗಬೇಕು.

ಇಷ್ಟೆಲ್ಲ ಏಕೆ, ಎಲ್ಲ ಹಾಡೂ ಮೊಬೈಲಿನಲ್ಲಿ ಇದೆಯಲ್ಲ ಎನ್ನಬಹುದು. ಎಲ್ಲವೂ ಇಲ್ಲ. ಇರುವುದೂ ನಮ್ಮ ಮನೆಯದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಮೊದಲಿಗರಲ್ಲಿ ಒಬ್ಬರಾದ ಗೌಹರ್ ಜಾನ್, ಕೊನೆಗಾಲದಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಗಾಯಕಿಯಾದರು. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಧ್ವನಿ ನಮಗೆ ಉಳಿದಿರುವುದು ಯಾರೋ ಆ ತಟ್ಟೆಗಳನ್ನು ಬಿಸಾಡದೆ ಇಟ್ಟುಕೊಂಡಿದ್ದರಿಂದ. ನಿಮ್ಮ ಮನೆಯಲ್ಲಿ ಅಂಥ 78 ವೇಗದ ತಟ್ಟೆಗಳಿದ್ದರೆ, 33 ಮತ್ತು 45 ವೇಗ ಮಾತ್ರ ಇರುವ ಹೊಸ ಪ್ಲೇಯರ್‌ನಲ್ಲಿ ಅವು ಸರಿಯಾಗಿ ಹಾಡುವುದಿಲ್ಲ. ಅವುಗಳಿಗೆ ಅಗಲ ತುದಿಯ ಬೇರೆ ಸೂಜಿಯೂ ಬೇಕು. ಹಳೆಯ ಪ್ಲೇಯರ್ ಗುಜರಿಗೆ ಹೋದರೆ ಅವುಗಳಿಗೆ ಬಾಯಿಯೇ ಇರುವುದಿಲ್ಲ.

ಆದ್ದರಿಂದ ಗೆಳೆಯರಲ್ಲಿ ನನ್ನ ಮನವಿ ಇಷ್ಟೇ. ಈ ರಜೆಯಲ್ಲಿ ಸಜ್ಜೆಯಿಂದ ಪ್ಲೇಯರ್ ಇಳಿಸಿ, ಅದರ ಹಿಂಭಾಗ ನೋಡಿ, ಕಾರ್ಟ್ರಿಜ್ ಯಾವುದೆಂದು ತಿಳಿದುಕೊಳ್ಳಿ. ಅಂಗಡಿಗೆ ಹೋದಾಗ ‘ಇದು ಬ್ಲೂಟೂತ್ ಕಳುಹಿಸುತ್ತದೆಯೇ, ಪಡೆಯುತ್ತದೆಯೇ? ಒಳಗೆ ಪ್ರಿ-ಆಂಪ್ ಇದೆಯೇ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಸಿಕ್ಕಿದರೆ ಬಿಲ್ ಮರೆಯಬೇಡಿ.