ಶಿಕಾಗೊ ಇಟ್ಟಿಗೆ, ಊರಿನ ಗಾರೆ

ಶಿಕಾಗೊ ನಗರಕ್ಕೆ ಮಕ್ಕಳನ್ನು ಕಾಣಲೆಂದು ಬರುವ ತಂದೆ–ತಾಯಿಯರ ಪ್ರವಾಸದಲ್ಲಿ ಎರಡು ತಾಣಗಳು ಸಾಮಾನ್ಯವಾಗಿ ತಪ್ಪುವುದಿಲ್ಲ. ಒಂದು, ಲೆಮಾಂಟ್‌ನ ಗುಡ್ಡದ ಮೇಲಿರುವ ರಾಮ ದೇವಾಲಯ. ಇನ್ನೊಂದು, ಮಿಷಿಗನ್ ಅವೆನ್ಯೂದಲ್ಲಿ ಗಗನಚುಂಬಿ ಕಟ್ಟಡಗಳ ನಡುವೆ ಪುಟ್ಟ ಕೋಟೆಯಂತೆ ನಿಂತಿರುವ ಹಳೆಯ ನೀರಿನ ಗೋಪುರ. ಈ ಎರಡು ಸ್ಥಳಗಳಿಗೂ ನಂಟಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರಲಾರದು. 1869ರಲ್ಲಿ ಪೂರ್ಣಗೊಂಡ ಗೋಪುರದ ಹಳದಿ ಛಾಯೆಯ ಸುಣ್ಣಕಲ್ಲು ಲೆಮಾಂಟ್ ಮತ್ತು ಜೋಲಿಯೆಟ್ ಆಸುಪಾಸಿನ ಗಣಿಗಳದು. 1848ರಲ್ಲಿ ಸಂಚಾರಕ್ಕೆ ತೆರೆದ ಇಲಿನಾಯ್–ಮಿಷಿಗನ್ ಕಾಲುವೆಯನ್ನು ಅಗೆಯುವಾಗ ಆ ಕಲ್ಲಿನ ಪದರಗಳು ಸಿಕ್ಕವು. ಅದೇ ಕಾಲುವೆಯ ದೋಣಿಗಳಲ್ಲಿ ಅವು ನಗರಕ್ಕೆ ಸಾಗಿದವು. 1871ರ ಅಕ್ಟೋಬರ್‌ನಲ್ಲಿ ನಗರವನ್ನು ಸುಟ್ಟ ಮಹಾ ಬೆಂಕಿಯಲ್ಲಿ ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಈ ಗೋಪುರವೂ ಒಂದು.

ಬೆಂಕಿಯನ್ನು ಗೆದ್ದ ಕಲ್ಲು ಚಳಿಯ ಮುಂದೆ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಅದರ ಪದರಗಳ ನಡುವೆ ಜೇಡಿಯ ತೆಳು ಎಳೆಗಳಿವೆ. ಅವುಗಳೊಳಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಳೆಯದೆಲ್ಲವೂ ಗಟ್ಟಿ ಎಂಬ ನಮ್ಮ ಜನಪ್ರಿಯ ನಂಬಿಕೆಗೆ ಲೆಮಾಂಟ್ ಕಲ್ಲೇ ಉತ್ತರ ಕೊಡುತ್ತದೆ. ಯಾವ ಸಾಮಗ್ರಿ, ಯಾವ ಹವೆಯಲ್ಲಿ, ಯಾವುದರ ಜೊತೆಗೂಡಿ ಬಾಳುತ್ತದೆ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಸಾಂಪ್ರದಾಯಿಕ ಕಟ್ಟಡ ಸಾಮಗ್ರಿಗಳ ಸಂಶೋಧನೆಗೆ ಅರ್ಥ ಬರುವುದು ಅಲ್ಲಿಂದ.

ಬೆಂಕಿಯ ನಂತರ ಶಿಕಾಗೊ ಇಟ್ಟಿಗೆಯ ನಗರವಾಯಿತು. ಸ್ಥಳೀಯ ಜೇಡಿಮಣ್ಣಿನಿಂದ ಸುಟ್ಟ ಒರಟು ಇಟ್ಟಿಗೆಗೆ ಅಲ್ಲಿ ‘ಶಿಕಾಗೊ ಕಾಮನ್’ ಎಂದೇ ಹೆಸರು. ಬೀದಿಗೆ ಕಾಣುವ ಮುಖಕ್ಕೆ ನಯವಾದ ಇಟ್ಟಿಗೆ, ಪಕ್ಕ ಮತ್ತು ಹಿಂಬದಿಗೆ ಈ ಅಗ್ಗದ ಇಟ್ಟಿಗೆ. ಇಂದು ಅದರ ತಯಾರಿಕೆ ನಿಂತಿದೆ. ಆದರೆ ಕೆಡವಿದ ಕಟ್ಟಡಗಳಿಂದ ಆಯ್ದು, ಗಾರೆ ಕೆರೆದು, ಹಲಗೆಗಳ ಮೇಲೆ ಜೋಡಿಸಿ ದೂರದ ರಾಜ್ಯಗಳಿಗೂ ಮಾರುವ ವ್ಯಾಪಾರ ಚೆನ್ನಾಗಿಯೇ ನಡೆದಿದೆ. ಇದು ಸಾಧ್ಯವಾಗಿರುವುದು ಹಳೆಯ ಗೋಡೆಗಳನ್ನು ಸುಣ್ಣದ ಗಾರೆಯಿಂದ ಕಟ್ಟಿದ್ದರಿಂದ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು. ತಟ್ಟಿದರೆ ಬಿಡುತ್ತದೆ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನಿಂದ ಕಟ್ಟಿದ ಗೋಡೆಯನ್ನು ಕೆಡವಿದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ.

ಇದೇ ಮೃದುತನ ಗೋಡೆ ನಿಂತಿರುವಾಗಲೂ ಕೆಲಸಕ್ಕೆ ಬರುತ್ತದೆ. ಮಳೆಯಲ್ಲಿ ನೆನೆದ ಇಟ್ಟಿಗೆಯ ತೇವ ಸುಣ್ಣದ ಸಂದಿನ ಮೂಲಕ ಹೊರಹೋಗುತ್ತದೆ. ಗೋಡೆ ಹಿಗ್ಗಿ ಕುಗ್ಗಿದಾಗ ಬಿರುಕು ಗಾರೆಯಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಇಟ್ಟಿಗೆಯಲ್ಲಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಇಂಥ ಸಂದುಗಳನ್ನು ಗಟ್ಟಿ ಸಿಮೆಂಟಿನಿಂದ ತುಂಬುವುದು ರೂಢಿಯಾಯಿತು. ಹೊರದಾರಿ ಕಾಣದ ನೀರು ಇಟ್ಟಿಗೆಯೊಳಗೇ ಉಳಿಯಿತು. ಜನವರಿಯ ಚಳಿಯಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಕಿತ್ತುಹಾಕಿತು. ದುರಸ್ತಿಗೆ ಬಳಸುವ ಗಾರೆ ಮೂಲ ಇಟ್ಟಿಗೆಗಿಂತ ಮೃದುವಾಗಿರಲೇಬೇಕೆಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸಂರಕ್ಷಣಾ ಮಾರ್ಗಸೂಚಿ ಒತ್ತಿ ಹೇಳುವುದು ಈ ಅನುಭವದಿಂದ. ಶಿಕಾಗೊದಲ್ಲಿ ಈ ಕೆಲಸಕ್ಕೆ ‘ಟಕ್‌ಪಾಯಿಂಟಿಂಗ್’ ಎನ್ನುತ್ತಾರೆ. ನಗರದ ಹಳೆಯ ಇಟ್ಟಿಗೆ ಬಂಗಲೆ ಕೊಂಡವರು ಈ ಪದವನ್ನು ಬೇಗನೆ ಕಲಿಯುತ್ತಾರೆ. ನೇಪರ್‌ವಿಲ್, ಅರೋರಾಗಳ ಹೊಸ ಬಡಾವಣೆಗಳಲ್ಲಿರುವ ನಮ್ಮವರಿಗೆ ಆ ತಾಪತ್ರಯ ಕಡಿಮೆ. ಅಲ್ಲಿನ ಮನೆಗಳ ಅಸ್ಥಿಪಂಜರ ಮರದ್ದು, ಇಟ್ಟಿಗೆ ಬಹುಮಟ್ಟಿಗೆ ಮುಖವಾಡ.

ಮರೆತ ಕಸುಬನ್ನು ಮತ್ತೆ ಹುಡುಕಿ ತರಲು ಎಷ್ಟು ಶ್ರಮ ಬೇಕೆಂಬುದನ್ನು ನೋಡಬೇಕಾದರೆ ಡೆಟ್ರಾಯಿಟ್‌ಗೆ ಹೋಗಬೇಕು. 1913ರಲ್ಲಿ ತೆರೆದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣದಿಂದ ಕೊನೆಯ ರೈಲು ಹೊರಟದ್ದು 1988ರ ಜನವರಿಯಲ್ಲಿ. ಮುಂದಿನ ಮೂರು ದಶಕ ಆ ಕಟ್ಟಡ ಡೆಟ್ರಾಯಿಟ್‌ನ ಅವನತಿಯ ಚಿತ್ರವಾಗಿ ಲೋಕವೆಲ್ಲ ಸುತ್ತಿತು. 2018ರಲ್ಲಿ ಫೋರ್ಡ್ ಸಂಸ್ಥೆ ಅದನ್ನು ಕೊಂಡಿತು; 2024ರ ಜೂನ್‌ನಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ನಡುವಿನ ಆರು ವರ್ಷ ಅಲ್ಲಿ ದುಡಿದ ಕುಶಲಕರ್ಮಿಗಳು ಮೂರು ಸಾವಿರಕ್ಕೂ ಹೆಚ್ಚು. ಮೂಲ ಕಲ್ಲಿಗೆ ಹೊಂದುವ ಕಲ್ಲು ಬೇಕೆಂದು ಇಂಡಿಯಾನಾದಲ್ಲಿ ಮೂವತ್ತು ವರ್ಷಗಳಿಂದ ಮುಚ್ಚಿದ್ದ ಗಣಿಯಿಂದ ಸುಮಾರು 600 ಟನ್ ಸುಣ್ಣಕಲ್ಲು ತರಿಸಲಾಯಿತು. ಪ್ರಯಾಣಿಕರ ಸಭಾಂಗಣದ ಕಮಾನು ಚಾವಣಿಯಲ್ಲಿರುವ 29,000 ಬಿಲ್ಲೆಗಳಲ್ಲಿ ಬದಲಿಸಬೇಕಾಗಿ ಬಂದದ್ದು ಸುಮಾರು 1,300 ಮಾತ್ರ. ಮಳೆ, ಹಿಮ, ಕಳ್ಳಕಾಕರ ಕೈಚಳಕ ಎಲ್ಲವನ್ನೂ ಕಂಡ ಚಾವಣಿಯ ಮಟ್ಟಿಗೆ ಇದು ಬೆರಗಿನ ಲೆಕ್ಕ.

ಆ ಚಾವಣಿಯ ವಿಧಾನವನ್ನು ಅಮೆರಿಕಕ್ಕೆ ತಂದವನು ಒಬ್ಬ ವಲಸಿಗ. ಸ್ಪೇನಿನ ವೆಲೆನ್ಸಿಯಾದ ರಫೇಲ್ ಗ್ವಾಸ್ಟವೀನೊ 1881ರಲ್ಲಿ ಇಲ್ಲಿಗೆ ಬಂದಾಗ ಅವನ ಬಳಿ ಇದ್ದ ಬಂಡವಾಳವೆಂದರೆ ತನ್ನ ನಾಡಿನಲ್ಲಿ ಶತಮಾನಗಳಿಂದ ರೂಢಿಯಲ್ಲಿದ್ದ, ತೆಳು ಬಿಲ್ಲೆಗಳನ್ನು ಪದರ ಪದರವಾಗಿ ಅಂಟಿಸಿ ಕಮಾನು ಕಟ್ಟುವ ಕಲೆ. ಆತ ಹಳೆಯ ವಿಧಾನವನ್ನು ಹಾಗೆಯೇ ಒಪ್ಪಿಸಿ ಕೂರಲಿಲ್ಲ. ಬೆಂಕಿಗೆ ಅದು ಹೇಗೆ ತಡೆಯೊಡ್ಡುತ್ತದೆ, ಎಷ್ಟು ಭಾರ ಹೊರುತ್ತದೆ ಎಂಬುದನ್ನು ಪರೀಕ್ಷಿಸಿ ತೋರಿಸಿದ, ಪೇಟೆಂಟ್ ಪಡೆದ, ಬೇಕಾದಲ್ಲಿ ಸಿಮೆಂಟನ್ನೂ ಬಳಸಿದ. ತಂದೆ ಮತ್ತು ಅದೇ ಹೆಸರಿನ ಮಗ ಸೇರಿ ಬೆಳೆಸಿದ ಸಂಸ್ಥೆ 1962ರಲ್ಲಿ ಮುಚ್ಚುವ ಹೊತ್ತಿಗೆ ಅಮೆರಿಕದ ನೂರಾರು ಕಟ್ಟಡಗಳಲ್ಲಿ ಆ ಕಮಾನುಗಳಿದ್ದವು.

ಕನ್ನಡಿಗ ವಲಸಿಗರ ಕಥೆ ಇಲ್ಲಿಗೆ ಬಂದು ತುಸು ನೋವಿನ ತಿರುವು ಪಡೆಯುತ್ತದೆ. ನಮ್ಮಲ್ಲಿಯೂ ಅಂಥ ಬಂಡವಾಳ ಇತ್ತು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಅಥವಾ ಇಟ್ಟಿಗೆ ಪುಡಿಯೊಂದಿಗೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸಿ ಗಾರೆ ಮಾಡುತ್ತಿದ್ದ ಕೈಗಳಿದ್ದವು. ಕರಾವಳಿಯಲ್ಲಿ ಚಿಪ್ಪಿನ ಸುಣ್ಣ, ಮುರಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ, ಬಯಲುಸೀಮೆಯಲ್ಲಿ ಮಣ್ಣಿನ ಗೋಡೆ, ಕಲ್ಲುಚಪ್ಪಡಿ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಆರಂಭಿಸಿದ ‘ಅಸ್ತ್ರ’ ಘಟಕದಲ್ಲಿ ಕೆ.ಎಸ್. ಜಗದೀಶ್ ಅವರಂಥವರು ಒತ್ತಿ ಗಟ್ಟಿ ಮಾಡಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಶ್ರಮಿಸಿದರು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಶೇ 7ರಿಂದ 8ರಷ್ಟಿದೆ ಎಂಬ ಚರ್ಚೆ ಬಿಸಿಯಾಗುವ ಎಷ್ಟೋ ಮೊದಲಿನ ಮಾತಿದು. (ಸುಣ್ಣ ಸುಡುವಾಗಲೂ ಇಂಗಾಲ ಹೊರಬರುತ್ತದೆ, ನಿಜ. ಅದರ ಒಂದು ಭಾಗವನ್ನು ಗಾರೆ ಒಣಗುತ್ತಾ ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ.)

ಇಷ್ಟೆಲ್ಲ ಇದ್ದೂ, ಅಮೆರಿಕದಿಂದ ಬಂದ ಡಾಲರ್ ಮೊದಲು ಉರುಳಿಸುವುದು ಊರಿನ ತೊಟ್ಟಿಮನೆಯನ್ನೇ. ಕೆಡವದಿದ್ದರೆ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸುತ್ತಾರೆ. ‘ಅಪ್ಪ, ಗೋಡೆ ಉದುರುತ್ತಿದೆಯಲ್ಲ, ಸಿಮೆಂಟ್ ಹಾಕಿಸಿಬಿಡಿ, ಹಣ ಕಳಿಸುತ್ತೇನೆ’ ಎನ್ನುವ ಮಗನ ಮಾತಿನಲ್ಲಿರುವುದು ಅಕ್ಕರೆಯೇ. ಆದರೆ ನೆಲದಿಂದ ಏರುವ ತೇವಕ್ಕೆ ಸಿಮೆಂಟ್ ಅಡ್ಡ ನಿಲ್ಲುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದರೂ ಆ ತೇವ ಹೊತ್ತು ತರುವ ಲವಣ ಗೋಡೆಯೊಳಗೆ ಹರಳುಗಟ್ಟುತ್ತದೆ; ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಗಿಲಾವು ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬೀಳಬಹುದು. ಆಗ ‘ಹಳೇ ಮನೆ, ಇನ್ನು ಉಳಿಯುವುದಿಲ್ಲ’ ಎಂಬ ತೀರ್ಪು ಬರುತ್ತದೆ. ಬಹುಮಹಡಿಗೆ, ಭೂಕಂಪದ ವಲಯಕ್ಕೆ ಕಾಂಕ್ರೀಟ್ ಬೇಕೇ ಬೇಕು. ನೂರು ವರ್ಷ ಬಾಳಿದ ಒಂದಂತಸ್ತಿನ ಮನೆಗೆ ಅದರ ಹಂಗು ಎಷ್ಟು ಎಂಬುದಷ್ಟೇ ನಮ್ಮ ಪ್ರಶ್ನೆ.

ಸಿವಿಲ್ ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿ ಅಮೆರಿಕದತ್ತ ಮುಖ ಮಾಡಿರುವ ಯುವಜನರಿಗೆ ಈ ಕ್ಷೇತ್ರವನ್ನೂ ತೂಗಿ ನೋಡಿ ಎನ್ನಬೇಕಾಗಿದೆ. ಶಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ಸುರೇಂದ್ರ ಶಾ ಅವರು ಸಿಮೆಂಟ್ ಆಧಾರಿತ ಸಾಮಗ್ರಿಗಳ ಸಂಶೋಧನಾ ಕೇಂದ್ರವನ್ನು ದೀರ್ಘಕಾಲ ಮುನ್ನಡೆಸಿದರು. ಡೆಟ್ರಾಯಿಟ್ ಬಳಿಯ ಇಪ್ಸಿಲ್ಯಾಂಟಿಯಲ್ಲಿರುವ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಹೆಸರಾದುದು. ಆದರೆ ಸಾಲ ಮಾಡಿ ಹೊರಡುವವರು ಒಂದು ವಿಷಯವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಓದು ಮುಗಿದ ಬಳಿಕ ಕೆಲಸ ಮಾಡಲು ದೊರೆಯುವ ಅವಧಿ ಸಾಮಾನ್ಯವಾಗಿ 12 ತಿಂಗಳು. ವ್ಯಾಸಂಗ ‘ಸ್ಟೆಮ್’ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗಬಹುದು. ಸಂರಕ್ಷಣೆ ಎಂಬ ಹೆಸರಿನ ಎಲ್ಲ ಪದವಿಗಳೂ ಆ ಪಟ್ಟಿಯಲ್ಲಿ ಇರುತ್ತವೆಂದು ನಂಬಬಾರದು. ಪ್ರವೇಶ ಪತ್ರದಲ್ಲಿರುವ ವ್ಯಾಸಂಗದ ಸಂಕೇತ ಸಂಖ್ಯೆಯನ್ನು ನೋಡಿ, ವಿಶ್ವವಿದ್ಯಾಲಯವನ್ನೇ ಕೇಳಿ ತಿಳಿಯುವುದು ಕ್ಷೇಮ. ಅಲ್ಲಿನ ಫೆಡರಲ್ ಸರ್ಕಾರದ ಹುದ್ದೆಗಳು ಬಹುತೇಕ ಪ್ರಜೆಗಳಿಗಷ್ಟೇ ಮೀಸಲು. ಉಳಿದ ದಾರಿ ಖಾಸಗಿ ಸಲಹಾ ಸಂಸ್ಥೆಗಳದು. ಸಾಮಗ್ರಿ ವಿಜ್ಞಾನ ಅಥವಾ ಕಟ್ಟಡ ವಿನ್ಯಾಸದ ಎಂಜಿನಿಯರಿಂಗ್ ಪದವಿ ಪಡೆದು, ಸಂಶೋಧನಾ ಪ್ರಬಂಧಕ್ಕೆ ಗಾರೆಯನ್ನು ವಿಷಯವಾಗಿ ಆರಿಸಿಕೊಳ್ಳುವುದು ಹೆಚ್ಚು ಭದ್ರವಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಅಂಥ ವಿದ್ಯಾರ್ಥಿಗೆ ಬೇಕಾಗುವ ಮೊದಲ ಪಾಠ ಊರಿನಲ್ಲೇ ಇದೆ. ಸುಣ್ಣದ ಕೆಲಸ ಬಲ್ಲ ಹಿರಿಯ ಗಾರೆಯವರು ಕೆಲವು ಊರುಗಳಲ್ಲಿ ಇನ್ನೂ ಇದ್ದಾರೆ. ಮನೆಯ ಹಿರಿಯರು ಅವರನ್ನು ಒಮ್ಮೆ ಜಗಲಿಗೆ ಕರೆದು ಕೂರಿಸಲಿ. ಭಾನುವಾರದ ವಿಡಿಯೊ ಕರೆಯಲ್ಲಿ ಮಕ್ಕಳೂ ಸೇರಿ ಕೇಳಲಿ. ಈ ಮನೆಯ ಸುಣ್ಣ ಯಾವ ಗೂಡಿನಿಂದ ಬಂತು, ಅದನ್ನು ಎಷ್ಟು ದಿನ ನೆನೆಹಾಕಿದ್ದರು, ಮರಳು ಯಾವ ಹೊಳೆಯದು, ಬೆಲ್ಲದ ನೀರನ್ನು ಅರೆಯುವಾಗ ಬೆರೆಸುತ್ತಿದ್ದರೋ ಮೆತ್ತುವಾಗಲೋ, ಮಳೆಗಾಲಕ್ಕೆ ಮುನ್ನ ಎಷ್ಟು ವಾರ ಗೋಡೆ ಒಣಗಬೇಕಿತ್ತು. ಉತ್ತರಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡ ಬಳಿಕ, ಉದುರಿದ ಗಿಲಾವಿನ ಒಂದು ಚೂರನ್ನು ದಿನಾಂಕ ಬರೆದ ಪೊಟ್ಟಣದಲ್ಲಿ ಎತ್ತಿಡಲಿ. ಗುತ್ತಿಗೆದಾರರಿಗೆ ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆದರೆ ಆಗುವ ನಷ್ಟ ಒಂದೆರಡು ವಾರದ್ದು.